ನಾವು ಪಾಸಾಗಿ ಹೋದ ಮೇಲೆ ಈ ಫೈಲ್‌ಗಳು ಯಾರ ಹತ್ತಿರ ಇರ್ತವೆ?

ಕಳೆದ ವರ್ಷ ರಾಜ್ಯೋತ್ಸವ ಸಂಚಿಕೆಗೆ ತಯಾರಿ ನಡೀತಿದ್ದಾಗ ನಮಗೆ ಒಂದು ಫೋಟೋ ಬೇಕಾಗಿತ್ತು. ಕೆಲವು ವರ್ಷಗಳ ಹಿಂದೆ ಸಂಘದವರು ಆಡಿದ ನಾಟಕದ್ದು. ಹಳೆಯ ವಾಟ್ಸಾಪ್ ಗುಂಪಿನಲ್ಲಿ ಹುಡುಕಿ ಹುಡುಕಿ ಕೊನೆಗೆ ಒಂದು ಡ್ರೈವ್ ಲಿಂಕ್ ಸಿಕ್ಕಿತು. ಒತ್ತಿದರೆ, ಫೈಲ್ ಇಲ್ಲ ಅಂತ ಬಂತು. ಆ ಲಿಂಕ್ ಹಾಕಿದ್ದ ಸೂಪರ್ ಸೀನಿಯರ್‌ಗೆ ಫೋನ್ ಮಾಡಿದೆವು.

"ಅಣ್ಣಾ, ನಾಟಕದ ಫೋಟೋ ಇರೋ ಲಿಂಕ್ ಓಪನ್ ಆಗ್ತಿಲ್ಲ."

"ಅದು ಕಾಲೇಜ್ ಮೇಲ್ ಐಡಿಯಲ್ಲಿತ್ತಲ್ಲಪ್ಪಾ. ಡಿಗ್ರಿ ಮುಗಿದ್ಮೇಲೆ ಐಡಿ ಕ್ಲೋಸ್ ಆಯ್ತು. ನೀವು ಕಾಪಿ ಇಟ್ಕೊಂಡಿರ್ತೀರಿ ಅಂದ್ಕೊಂಡಿದ್ದೆ."

ನಾವು ಇಟ್ಟುಕೊಂಡಿರಲಿಲ್ಲ. ನಮಗಿಂತ ಮುಂಚಿನವರೂ ಇಟ್ಟುಕೊಂಡಿರಲಿಲ್ಲ. ಮೂರು ವರ್ಷದ ಕಾರ್ಯಕ್ರಮಗಳ ಫೋಟೋಗಳು, ಎರಡು ಸಂಚಿಕೆಗಳ ಮೂಲ ಪುಟವಿನ್ಯಾಸ, ಕಾಲೇಜಿಗೆ ಬಂದಿದ್ದ ಸಾಹಿತಿಯೊಬ್ಬರ ಜೊತೆ ನಡೆಸಿದ ಮಾತುಕತೆಯ ಧ್ವನಿಮುದ್ರಣ, ಎಲ್ಲವೂ ಹೋದವು. ಇದರಲ್ಲಿ ಯಾವ ಕಂಪನಿಯ ತಪ್ಪೂ ಇಲ್ಲ, ಆ ಅಣ್ಣನದೂ ಇಲ್ಲ. ಒಂದು ಸಂಘದ ಆಸ್ತಿಯನ್ನು ಒಬ್ಬರ ಖಾತೆಯಲ್ಲಿಟ್ಟು ಮರೆತದ್ದು ನಮ್ಮೆಲ್ಲರ ತಪ್ಪು.

ಆಗ ನಾವು ನಾಲ್ಕು ಜನ ಕೂತು ನಿರ್ಧರಿಸಿದೆವು: ಇನ್ಮೇಲೆ ಸಂಘದ ಫೈಲ್‌ಗಳು ಸಂಘದ್ದೇ ಸರ್ವರ್‌ನಲ್ಲಿರಬೇಕು. ಲ್ಯಾಬಿನಿಂದ ತೆಗೆದು ಮೂಲೆಗಿಟ್ಟಿದ್ದ ಒಂದು ಹಳೆಯ ಡೆಸ್ಕ್‌ಟಾಪ್ ಕೇಳಿ ತಂದೆವು, ಲಿನಕ್ಸ್ ಹಾಕಿದೆವು, ಒಂದು ಸೆಮಿಸ್ಟರ್ ಪೂರ್ತಿ ಒಂದಾದ ಮೇಲೊಂದು ಓಪನ್ ಸೋರ್ಸ್ ತಂತ್ರಾಂಶ ಹಾಕಿ ನೋಡಿದೆವು. ಈ ಲೇಖನ ಆ ಅನುಭವದಿಂದ ಹುಟ್ಟಿದ ಅಭಿಪ್ರಾಯ. ಮೊದಲೇ ಹೇಳಿಬಿಡ್ತೇವೆ: 'ಯಾವುದರಲ್ಲಿ ಫೀಚರ್ ಜಾಸ್ತಿ' ಎಂಬ ಪ್ರಶ್ನೆಯಿಂದ ಶುರು ಮಾಡಿದ್ದೇ ನಮ್ಮ ಮೊದಲ ತಪ್ಪು. ಕಾಲೇಜಿನಲ್ಲಿ ನಾವು ಇರೋದು ನಾಲ್ಕು ವರ್ಷ. ಕೇಳಬೇಕಾದ ಪ್ರಶ್ನೆ ಬೇರೆ. ಸರ್ವರ್ ನೋಡಿಕೊಳ್ಳುವವರು ಪಾಸಾಗಿ ಹೋದ ಮೇಲೆ, ಮುಂದಿನ ಬ್ಯಾಚಿನ ಒಬ್ಬ ಸಾಮಾನ್ಯ ವಿದ್ಯಾರ್ಥಿ ಆ ಫೈಲ್‌ಗಳನ್ನು ವಾಪಸ್ ತೆಗೆಯಬಲ್ಲನಾ, ತೆಗೆಯಬಲ್ಲಳಾ?

ನೆಕ್ಸ್ಟ್‌ಕ್ಲೌಡ್: ಎಲ್ಲವೂ ಇದೆ, ಅದೇ ಕಷ್ಟ

ಯಾರನ್ನ ಕೇಳಿದರೂ ಮೊದಲು ಹೇಳೋ ಹೆಸರು ನೆಕ್ಸ್ಟ್‌ಕ್ಲೌಡ್. ಇದರ ಕಥೆ ಗೊತ್ತಿರಲಿ. 2010ರಲ್ಲಿ ಫ್ರಾಂಕ್ ಕಾರ್ಲಿಟ್‌ಷೆಕ್ ಎಂಬ ಜರ್ಮನ್ ಡೆವಲಪರ್ ಓನ್‌ಕ್ಲೌಡ್ ಎಂಬ ಯೋಜನೆ ಶುರು ಮಾಡಿದರು. ಮುಂದೆ ಅದರ ಸುತ್ತ ಒಂದು ಕಂಪನಿ ಬೆಳೆಯಿತು. 2016ರಲ್ಲಿ ಅವರೇ ಆ ಕಂಪನಿ ಬಿಟ್ಟು, ಅದೇ ಕೋಡ್ ತೆಗೆದುಕೊಂಡು ನೆಕ್ಸ್ಟ್‌ಕ್ಲೌಡ್ ಆರಂಭಿಸಿದರು. ಓಪನ್ ಸೋರ್ಸ್ ಅಂದ್ರೆ ಏನು ಲಾಭ ಅಂತ ಜ್ಯೂನಿಯರ್‌ಗಳು ಕೇಳಿದಾಗ ನಾವು ಇದನ್ನೇ ಉದಾಹರಣೆ ಕೊಡ್ತೇವೆ. ಕಂಪನಿ ದಾರಿ ಬದಲಿಸೋಲ್ಲ ಅನ್ನೋ ಭರವಸೆಯನ್ನ ಯಾವ ಲೈಸೆನ್ಸೂ ಕೊಡಲ್ಲ. ದಾರಿ ಬದಲಿಸಿದರೆ ಕೋಡ್ ಹೊತ್ತುಕೊಂಡು ಹೊರಗೆ ನಡೆಯುವ ಹಕ್ಕನ್ನು ಮಾತ್ರ ಕೊಡುತ್ತೆ.

ನೆಕ್ಸ್ಟ್‌ಕ್ಲೌಡ್‌ನಲ್ಲಿ ಫೈಲ್ ಹಂಚಿಕೆ, ಕ್ಯಾಲೆಂಡರ್, ಬ್ರೌಸರ್‌ನಲ್ಲೇ ಒಟ್ಟಿಗೆ ಕೂತು ಡಾಕ್ಯುಮೆಂಟ್ ತಿದ್ದುವ ವ್ಯವಸ್ಥೆ, ವಿಡಿಯೋ ಕರೆ, ಮೊಬೈಲ್ ಆ್ಯಪ್, ಎಲ್ಲ ಇದೆ. ಜರ್ಮನಿಯ ಕೇಂದ್ರ ಸರ್ಕಾರದ ಐಟಿ ಕೇಂದ್ರ 2018ರಲ್ಲಿ ತನ್ನ ಕ್ಲೌಡ್‌ಗೆ ಇದನ್ನೇ ಆರಿಸಿಕೊಂಡಿತು. ಗೊತ್ತಿಲ್ಲದವರಿಗೆ ಲಿಂಕ್ ಕಳಿಸಿ, ಅದಕ್ಕೆ ಪಾಸ್‌ವರ್ಡ್ ಇಟ್ಟು, ಇಂಥ ದಿನಕ್ಕೆ ಮುಗಿಯಲಿ ಅಂತ ಹೇಳಬಹುದು. ಲೇಖನ ತರಿಸಿಕೊಳ್ಳೋಕೆ, ಬರೀ ಅಪ್‌ಲೋಡ್ ಮಾಡಬಹುದಾದ, ಒಳಗೇನಿದೆ ಅಂತ ಕಾಣದ ಫೋಲ್ಡರ್ ಲಿಂಕ್ ಕೊಡಬಹುದು. ಸಂಪಾದಕ ಮಂಡಳಿಗೆ ಇದು ನಿಜಕ್ಕೂ ಉಪಯೋಗದ ಸೌಲಭ್ಯ.

ಇನ್ನೊಂದು ಒಳ್ಳೆಯ ಗುಣ, ಫೈಲ್‌ಗಳು ಸರ್ವರ್ ಡಿಸ್ಕಿನಲ್ಲಿ ಮಾಮೂಲಿ ಫೈಲ್‌ಗಳಾಗಿಯೇ ಇರ್ತವೆ. ನೆಕ್ಸ್ಟ್‌ಕ್ಲೌಡ್ ಪೂರ್ತಿ ಕೆಟ್ಟು ನಿಂತರೂ ಡಿಸ್ಕ್ ಬಿಚ್ಚಿ ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಹಾಕಿದರೆ, ಪ್ರತಿ ಬಳಕೆದಾರರ ಹೆಸರಿನ ಫೋಲ್ಡರ್ ಒಳಗೆ ಅವರ ಫೈಲ್ ಸಿಗುತ್ತೆ. ಸರ್ವರ್ ಕಡೆಯ ಎನ್‌ಕ್ರಿಪ್ಷನ್ ಆನ್ ಮಾಡಿರಬಾರದು ಅಷ್ಟೇ.

ಹಾಗಾದ್ರೆ ತೊಂದರೆ ಎಲ್ಲಿ? ಇದು ಒಂದು ತಂತ್ರಾಂಶ ಅಲ್ಲ, ಒಂದು ಸಂಸಾರ. ಪಿಎಚ್‌ಪಿ ಬೇಕು, ಡೇಟಾಬೇಸ್ ಬೇಕು, ವೆಬ್ ಸರ್ವರ್ ಬೇಕು, ಸರಿಯಾಗಿ ಓಡಬೇಕಂದ್ರೆ ರೆಡಿಸ್ ಬೇಕು. ಡಾಕರ್‌ನಲ್ಲಿ ಹಾಕಿದರೆ ಮೊದಲ ದಿನ ಸುಲಭ. ಆಮೇಲೆ? ಮುಖ್ಯ ಆವೃತ್ತಿಗಳು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬರ್ತವೆ, ಮತ್ತು ಅಪ್‌ಗ್ರೇಡ್ ಮಾಡುವಾಗ ಒಂದನ್ನೂ ಹಾರಿಸುವಂತಿಲ್ಲ. 28ರಿಂದ ನೇರ 31ಕ್ಕೆ ಹೋಗೋಕಾಗಲ್ಲ. 29, 30, 31 ಅಂತ ಮೆಟ್ಟಿಲು ಹತ್ತಿದ ಹಾಗೆಯೇ ಹತ್ತಬೇಕು, ದಾರಿಯಲ್ಲಿ ಪಿಎಚ್‌ಪಿ ಆವೃತ್ತಿಯೂ ಅದಕ್ಕೆ ಹೊಂದಬೇಕು. ಎರಡು ವರ್ಷ ಯಾರೂ ಮುಟ್ಟದೇ ಬಿಟ್ಟ ನೆಕ್ಸ್ಟ್‌ಕ್ಲೌಡ್ ಒಬ್ಬ ಮೂರನೇ ಸೆಮ್ ವಿದ್ಯಾರ್ಥಿಯ ಕೈಗೆ ಸಿಕ್ಕಿತು ಅಂದ್ಕೊಳ್ಳಿ. ಇಂಟರ್ನಲ್ಸ್ ಮಧ್ಯೆ ಅಷ್ಟು ಮೆಟ್ಟಿಲು ಹತ್ತೋರು ಯಾರು?

ಜೊತೆಗೆ ಒಂದು ತಾಂತ್ರಿಕ ವಿಷಯ. ದೊಡ್ಡ ಫೈಲಿನ ಒಂದು ಭಾಗ ಮಾತ್ರ ಬದಲಾದರೂ ನೆಕ್ಸ್ಟ್‌ಕ್ಲೌಡ್ ಆ ಫೈಲನ್ನು ಪೂರ್ತಿ ಮತ್ತೆ ಕಳಿಸುತ್ತೆ. ಪುಟವಿನ್ಯಾಸದ ದೊಡ್ಡ ಫೈಲ್‌ಗಳನ್ನು ದಿನಕ್ಕೆ ಹತ್ತು ಸಲ ಸೇವ್ ಮಾಡುವ ನಮ್ಮಂಥವರಿಗೆ, ಹಾಸ್ಟೆಲ್ ವೈಫೈನಲ್ಲಿ, ಇದು ಗೊತ್ತಾಗುತ್ತೆ.

ಓನ್‌ಕ್ಲೌಡ್ ಮತ್ತು ಅದರ ಹೊಸ ಕವಲು

ಹಾಗಾದ್ರೆ ಹಳೆಯ ಓನ್‌ಕ್ಲೌಡ್ ಏನಾಯ್ತು? ಅವರು ಪಿಎಚ್‌ಪಿ ಬಿಟ್ಟು ಗೋ ಭಾಷೆಯಲ್ಲಿ ಹೊಸದಾಗಿ ಬರೆದರು, ಇನ್ಫಿನಿಟ್ ಸ್ಕೇಲ್ ಅಂತ ಹೆಸರು. ಡೇಟಾಬೇಸ್ ಬೇಡ, ಒಂದೇ ಬೈನರಿ, ಹಗುರ. ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಬೆಳೆದ ರೇವಾ ಎಂಬ ತಂತ್ರಾಂಶ ಇದರ ಒಡಲಲ್ಲಿದೆ. 2023ರ ನವೆಂಬರ್‌ನಲ್ಲಿ ಕೈಟ್‌ವರ್ಕ್ಸ್ ಎಂಬ ಕಂಪನಿ ಓನ್‌ಕ್ಲೌಡನ್ನು ಕೊಂಡಿತು. 2025ರ ಆರಂಭದಲ್ಲಿ ಜರ್ಮನಿಯ ಹೈನ್‌ಲೈನ್ ಗುಂಪು ಇದೇ ಕೋಡಿನಿಂದ ಓಪನ್‌ಕ್ಲೌಡ್ ಎಂಬ ಹೊಸ ಕವಲು ತೆಗೆಯಿತು. ಒಂದೇ ಮರ, ಮತ್ತೊಂದು ಕೊಂಬೆ.

ನಮ್ಮ ಹಳೆಯ ಡೆಸ್ಕ್‌ಟಾಪ್‌ಗೆ ಇದು ಚೆನ್ನಾಗಿ ಹೊಂದಿತು. ಆದರೆ ಇನ್ಫಿನಿಟ್ ಸ್ಕೇಲ್‌ನ ರೂಢಿಯ ಸಂಗ್ರಹ ವಿಧಾನದಲ್ಲಿ ಡಿಸ್ಕ್ ಮೇಲೆ ನಿಮ್ಮ ಫೈಲಿನ ಹೆಸರು ಕಾಣಲ್ಲ. ಗುರುತಿನ ಸಂಖ್ಯೆಗಳ ಹೆಸರಿನಲ್ಲಿ ತುಂಡು ತುಂಡಾದ ಫೋಲ್ಡರ್‌ಗಳು ಕಾಣ್ತವೆ. ಈಚೆಗೆ ಮಾಮೂಲಿ ಫೈಲ್‌ಗಳಾಗಿಯೇ ಇಡುವ ವಿಧಾನವೂ ಬಂದಿದೆ. ಹಾಕುವವರು ಯಾವ ವಿಧಾನ ಆನ್ ಆಗಿದೆ ಅಂತ ನೋಡಿಕೊಂಡೇ ಹಾಕಿ.

ಇಲ್ಲಿ ಭದ್ರತೆಯ ಮಾತು ಹೇಳಲೇಬೇಕು. 2023ರ ನವೆಂಬರ್‌ನಲ್ಲೇ ಹಳೆಯ ಪಿಎಚ್‌ಪಿ ಓನ್‌ಕ್ಲೌಡ್‌ನ ಒಂದು ಆ್ಯಪ್‌ನಲ್ಲಿ ದೊಡ್ಡ ದೋಷ ಬಯಲಾಯಿತು. ಅದಕ್ಕೆ ಕೊಟ್ಟ ತೀವ್ರತೆಯ ಅಂಕ ಹತ್ತಕ್ಕೆ ಹತ್ತು. ಕಂಟೈನರ್‌ನಲ್ಲಿ ಹಾಕಿದ್ದವರ ಅಡ್ಮಿನ್ ಪಾಸ್‌ವರ್ಡ್ ಒಂದು ವಿಳಾಸ ತೆರೆದರೆ ಹೊರಗೆ ಕಾಣುವ ಸಾಧ್ಯತೆ ಇತ್ತು. ತಿದ್ದುಪಡಿ ಬಂತು, ಸರಿ. ಆದರೆ ಆ ವಾರ ಸೆಮ್ ಪರೀಕ್ಷೆಯಲ್ಲಿ ಮುಳುಗಿರುವ ಅಡ್ಮಿನ್ ಆ ಸುದ್ದಿ ಓದಿರ್ತಾರಾ? ಇಂಟರ್ನೆಟ್‌ಗೆ ತೆರೆದಿಟ್ಟ ಸರ್ವರ್ ಅಂದ್ರೆ ಬೀದಿಗೆ ಬಾಗಿಲಿರುವ ಮನೆ. ಬೀಗ ಹಾಕಿದೆಯಾ ಅಂತ ಯಾರಾದರೂ ದಿನಾ ನೋಡಬೇಕು.

ಸೀಫೈಲ್: ವೇಗ ಇದೆ, ಪೆಟ್ಟಿಗೆ ಮುಚ್ಚಿದೆ

ಚೀನಾದಲ್ಲಿ ಹುಟ್ಟಿದ ಸೀಫೈಲ್ ಸಿಂಕ್ ಕೆಲಸದಲ್ಲಿ ನಿಜಕ್ಕೂ ಚುರುಕು. ಕಾರಣ ಅದರ ಒಳಗಿನ ರಚನೆ. ಗಿಟ್ ಹೇಗೆ ಕೋಡನ್ನು ಆಬ್ಜೆಕ್ಟ್‌ಗಳಾಗಿ ಇಡುತ್ತೋ, ಸೀಫೈಲ್ ಹಾಗೆ ಪ್ರತಿ ಫೈಲನ್ನೂ ಬ್ಲಾಕ್‌ಗಳಾಗಿ ಕತ್ತರಿಸಿ ಇಡುತ್ತೆ. ಬದಲಾದ ಬ್ಲಾಕ್ ಮಾತ್ರ ಹೋಗುತ್ತೆ. ಒಂದೇ ಬ್ಲಾಕ್ ಎರಡು ಕಡೆ ಇದ್ದರೆ ಲೈಬ್ರರಿಯೊಳಗೆ ಒಂದೇ ಸಲ ಉಳಿಯುತ್ತೆ. ಇಡೀ ಲೈಬ್ರರಿಯನ್ನು ಹಿಂದಿನ ಒಂದು ದಿನದ ಸ್ಥಿತಿಗೆ ತಿರುಗಿಸಬಹುದು. ಡೇಟಾ ಸ್ಟ್ರಕ್ಚರ್ಸ್ ಪಾಠ ಇಷ್ಟಪಟ್ಟವರು ಇದರ ವಿನ್ಯಾಸ ಓದಲೇಬೇಕು.

ಆದರೆ ನಮ್ಮ ಪ್ರಶ್ನೆಗೆ ವಾಪಸ್ ಬನ್ನಿ. ಸರ್ವರ್ ಕೆಟ್ಟರೆ ಡಿಸ್ಕ್ ಬಿಚ್ಚಿ ನೋಡಿದರೆ ಏನು ಕಾಣುತ್ತೆ? ಹ್ಯಾಶ್ ಹೆಸರಿನ ಸಾವಿರಾರು ತುಣುಕುಗಳು. ನಾಟಕದ ಫೋಟೋ ಎಲ್ಲಿದೆ ಅಂತ ಬರಿಗಣ್ಣಿಗೆ ತಿಳಿಯಲ್ಲ. ಅವುಗಳಿಂದ ಫೈಲ್ ಮತ್ತೆ ಕಟ್ಟಿ ಹೊರತೆಗೆಯುವ ಉಪಕರಣ ಸೀಫೈಲ್ ಜೊತೆಗೇ ಬರುತ್ತೆ, ಕೆಲಸವನ್ನೂ ಮಾಡುತ್ತೆ. ಆದರೆ ಅಂಥದ್ದೊಂದು ಇದೆ ಅಂತ ಗೊತ್ತಿರುವವರು ಅವತ್ತು ಕ್ಯಾಂಪಸ್‌ನಲ್ಲಿ ಇರಬೇಕಲ್ಲ! ಅನುಭವಿ ಅಡ್ಮಿನ್ ಇರುವ ಸಂಶೋಧನಾ ಗುಂಪಿಗೆ ನಾವು ಸೀಫೈಲ್ ಹೇಳ್ತೇವೆ. ಪ್ರತಿ ವರ್ಷ ಪದಾಧಿಕಾರಿಗಳು ಬದಲಾಗುವ ವಿದ್ಯಾರ್ಥಿ ಸಂಘಕ್ಕೆ ಹೇಳಲ್ಲ.

ಸಿಂಕ್‌ಥಿಂಗ್: ಸರ್ವರ್ರೇ ಇಲ್ಲದ ಹಂಚಿಕೆ

2013ರ ಕೊನೆಯಲ್ಲಿ ಶುರುವಾದ ಸಿಂಕ್‌ಥಿಂಗ್ ಬೇರೆ ಜಾತಿಯದು. ಇಲ್ಲಿ ಯಜಮಾನ ಸರ್ವರ್ ಅಂತಿಲ್ಲ. ನಿಮ್ಮ ಲ್ಯಾಪ್‌ಟಾಪ್, ನಮ್ಮ ಲ್ಯಾಪ್‌ಟಾಪ್, ಸಂಘದ ಡೆಸ್ಕ್‌ಟಾಪ್ ಪರಸ್ಪರ ಗುರುತು ಹಂಚಿಕೊಂಡು ಒಂದು ಫೋಲ್ಡರನ್ನು ಎಲ್ಲ ಕಡೆ ಒಂದೇ ಥರ ಇಡ್ತವೆ. ಖಾತೆ ಇಲ್ಲ, ಡೇಟಾಬೇಸ್ ಸಾಕುವ ಕೆಲಸ ಇಲ್ಲ. ಸಾಗಣೆ ಎನ್‌ಕ್ರಿಪ್ಟ್ ಆಗಿರುತ್ತೆ, ಬದಲಾದ ಭಾಗ ಮಾತ್ರ ಸಾಗುತ್ತೆ. ಎಲ್ಲಕ್ಕಿಂತ ದೊಡ್ಡದು, ಪ್ರತಿಯೊಬ್ಬರ ಬಳಿಯೂ ಇರೋದು ಮಾಮೂಲಿ ಫೋಲ್ಡರ್, ಮಾಮೂಲಿ ಫೈಲ್. ನಾಳೆ ಸಿಂಕ್‌ಥಿಂಗ್ ಯೋಜನೆಯೇ ನಿಂತುಹೋದರೂ ಫೈಲ್‌ಗಳು ಕೂತಲ್ಲೇ ಇರ್ತವೆ.

ಇನ್ನೊಂದು ಅನುಕೂಲ ನಮ್ಮಂಥ ಕಡೆಗೆ ಬಹಳ ಮುಖ್ಯ. ಮನೆಯ ಮತ್ತು ಹಾಸ್ಟೆಲಿನ ಇಂಟರ್ನೆಟ್‌ನಲ್ಲಿ ನಮಗೇ ಅಂತ ಒಂದು ಸಾರ್ವಜನಿಕ ಐಪಿ ವಿಳಾಸ ಸಿಗೋದು ಅಪರೂಪ. ಒಂದೇ ವಿಳಾಸದ ಹಿಂದೆ ಎಷ್ಟೋ ಗ್ರಾಹಕರು ಇರ್ತಾರೆ. ಹೊರಗಿನಿಂದ ನಮ್ಮ ಯಂತ್ರಕ್ಕೆ ನೇರವಾಗಿ ಬರೋಕಾಗಲ್ಲ. ನೆಕ್ಸ್ಟ್‌ಕ್ಲೌಡ್ ಹಾಕಿದವರು ಇದಕ್ಕೆ ವಿಪಿಎನ್ ಅಥವಾ ಟನಲ್ ಹಾಕಿ ಒದ್ದಾಡಬೇಕು. ಸಿಂಕ್‌ಥಿಂಗ್ ನೇರ ದಾರಿ ಸಿಗದಿದ್ದರೆ ರಿಲೇ ಮೂಲಕ ತಾನೇ ದಾರಿ ಹುಡುಕಿಕೊಳ್ಳುತ್ತೆ. ನಿಧಾನ ಆಗುತ್ತೆ, ಆದರೆ ಆಗುತ್ತೆ.

ಕೊರತೆಗಳೂ ಇವೆ, ಮುಚ್ಚಿಡಲ್ಲ. ಹೊರಗಿನವರಿಗೆ ಲಿಂಕ್ ಕಳಿಸೋಕಾಗಲ್ಲ. ಎರಡೂ ಯಂತ್ರ ಒಂದೇ ಹೊತ್ತಿಗೆ ಆನ್ ಇಲ್ಲದಿದ್ದರೆ ಏನೂ ಸಾಗಲ್ಲ, ಅದಕ್ಕೇ ಒಂದಾದರೂ ಸದಾ ಆನ್ ಇರಬೇಕು. ಇಬ್ಬರು ಒಂದೇ ಫೈಲನ್ನು ಒಟ್ಟಿಗೆ ತಿದ್ದಿದರೆ ಸಂಘರ್ಷದ ಪ್ರತಿ ಹುಟ್ಟುತ್ತೆ, ಕೂತು ನಾವೇ ಜೋಡಿಸಬೇಕು. ಅಧಿಕೃತ ಆಂಡ್ರಾಯ್ಡ್ ಆ್ಯಪನ್ನು ಅದರ ನಿರ್ವಾಹಕರು 2024ರ ಕೊನೆಗೆ ನಿಲ್ಲಿಸಿದರು. ಸಮುದಾಯದವರ ಕವಲು ಆ್ಯಪ್ ಇದೆ.

ಮತ್ತೆ, ಅಳಿಸಿದ್ದೂ ಸಿಂಕ್ ಆಗುತ್ತೆ. ಇದನ್ನ ನಾವು ಕೈ ಸುಟ್ಟುಕೊಂಡೇ ಕಲಿತದ್ದು. ನಮ್ಮಲ್ಲೊಬ್ಬರು ಲ್ಯಾಪ್‌ಟಾಪಿನಲ್ಲಿ ಜಾಗ ಇಲ್ಲ ಅಂತ ಹಳೆಯ ಫೋಟೋ ಫೋಲ್ಡರ್ ಅಳಿಸಿದರು. "ಸರ್ವರ್‌ನಲ್ಲಿ ಇದೆಯಲ್ಲ ಮಗಾ, ಇಲ್ಲಿ ತೆಗೆದ್ರೆ ಏನಾಗುತ್ತೆ" ಅಂದರು. ಕೆಲವೇ ನಿಮಿಷದಲ್ಲಿ ಸಂಘದ ಡೆಸ್ಕ್‌ಟಾಪಿನಿಂದಲೂ ಹೋಯಿತು, ಇನ್ನಿಬ್ಬರ ಯಂತ್ರದಿಂದಲೂ ಹೋಯಿತು. ತಂತ್ರಾಂಶ ಹೇಳಿದ ಕೆಲಸವನ್ನೇ ಮಾಡಿತ್ತು. ಡೆಸ್ಕ್‌ಟಾಪಿನಲ್ಲಿ ಹಳೆಯ ಆವೃತ್ತಿ ಉಳಿಸುವ ಆಯ್ಕೆ ಆನ್ ಮಾಡಿದ್ದರಿಂದ ಬಚಾವಾದೆವು. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಈ ಎರಡು ಪದ ಒಂದೇ ಅಂದುಕೊಂಡವರು ಒಂದಲ್ಲ ಒಂದು ದಿನ ಅಳ್ತಾರೆ.

ಸಾಂಬಾ: ಅಜ್ಜನ ಕಾಲದ್ದು, ಇನ್ನೂ ಗಟ್ಟಿ

ಕ್ಯಾಂಪಸ್ ಒಳಗೇ ಹಂಚಿಕೊಂಡರೆ ಸಾಕು ಅನ್ನೋರಿಗೆ ಸಾಂಬಾ ಇದೆ. ಆಸ್ಟ್ರೇಲಿಯಾದ ಆಂಡ್ರೂ ಟ್ರಿಡ್ಜೆಲ್ ವಿದ್ಯಾರ್ಥಿಯಾಗಿದ್ದಾಗ, 1992ರ ಸುಮಾರಿಗೆ, ಶುರು ಮಾಡಿದ ಕೆಲಸ. ವಿಂಡೋಸ್ ಯಂತ್ರದಲ್ಲಿ ನೆಟ್‌ವರ್ಕ್ ಡ್ರೈವ್ ಆಗಿ ಕಾಣುತ್ತೆ, ಹೊಸ ಆ್ಯಪ್ ಏನೂ ಬೇಡ. ಲ್ಯಾಬ್ ಮ್ಯಾನ್ಯುಯಲ್, ಪ್ರಾಜೆಕ್ಟ್ ವರದಿಗಳ ಮಾದರಿ ಹಂಚೋಕೆ ಒಂದು ವಿಭಾಗಕ್ಕೆ ಇಷ್ಟು ಸಾಕು. ಆದರೆ ಇದನ್ನು ಇಂಟರ್ನೆಟ್‌ಗೆ ತೆರೆಯಬೇಡಿ. 2017ರ ಮೇನಲ್ಲಿ ವನ್ನಾಕ್ರೈ ಜಗತ್ತಿನ ತುಂಬ ಹಬ್ಬಿದ್ದು ವಿಂಡೋಸ್‌ನಲ್ಲಿದ್ದ ಇದೇ ಎಸ್‌ಎಂಬಿ ಪ್ರೋಟೋಕಾಲಿನ ಹಳೆಯ ಆವೃತ್ತಿಯ ಲೋಪ ಬಳಸಿಕೊಂಡು. ಎಸ್‌ಎಂಬಿ ಒಳಮನೆಯ ಪಾತ್ರೆ, ಜಗಲಿಗೆ ತರಬಾರದು.

ಕನ್ನಡ ಸಂಘಕ್ಕೇ ಬರುವ ತಲೆನೋವು

ಬೇರೆ ಕ್ಲಬ್‌ಗಳಿಗೆ ಇಲ್ಲದ ಒಂದಿಷ್ಟು ಸಮಸ್ಯೆ ನಮಗಿದೆ. ನಾವು ಫೈಲ್ ಹೆಸರನ್ನೂ ಕನ್ನಡದಲ್ಲೇ ಬರೀತೇವೆ, ಬರೀಬೇಕು ಕೂಡ. ಆದರೆ ಲಿನಕ್ಸಿನ ಎಕ್ಸ್‌ಟ್4 ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಅಂದ್ರೆ 85 ಸಂಕೇತಕ್ಕೆ ಹೆಸರು ಮುಗೀತು. 'ಸ್ತ್ರೀ' ಅಂತ ಬರೆದರೆ ನಮಗದು ಒಂದು ಅಕ್ಷರ. ಯಂತ್ರಕ್ಕೆ ಸ, ವಿರಾಮ, ತ, ವಿರಾಮ, ರ, ದೀರ್ಘದ ಗುರುತು ಸೇರಿ 6 ಸಂಕೇತ, 18 ಬೈಟ್. ವಿಂಡೋಸ್ ಬೈಟ್ ಬದಲು ಬೇರೆ ಲೆಕ್ಕ ಹಿಡಿಯುವುದರಿಂದ ಅಲ್ಲಿ ಸೇವ್ ಆದ ಉದ್ದನೆಯ ಕನ್ನಡ ಶೀರ್ಷಿಕೆ ಲಿನಕ್ಸ್ ಸರ್ವರ್‌ಗೆ ಬರುವಾಗ ನಿಂತುಹೋಗುತ್ತೆ. 'ಯಾಕೋ ಈ ಒಂದು ಲೇಖನ ಮಾತ್ರ ಸಿಂಕ್ ಆಗ್ತಿಲ್ಲ' ಅಂತ ತಲೆ ಕೆರೆದುಕೊಳ್ಳುವವರು ಮೊದಲು ಹೆಸರಿನ ಉದ್ದ ನೋಡಿ.

ಎರಡನೆಯದು ಇನ್ನೂ ಸೂಕ್ಷ್ಮ. 'ಕೋ' ಅನ್ನೋದರಲ್ಲಿರುವ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೀಬಹುದು, ಮೂರು ತುಂಡಾಗಿ ಬಿಡಿಸಿಯೂ ಬರೀಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್ ಫೈಲ್ ವ್ಯವಸ್ಥೆ ಬಿಡಿಸಿ ಇಡುತ್ತಿತ್ತು. ಹಾಗಾಗಿ ಒಂದೇ ಹೆಸರಿನ ಎರಡು ಫೋಲ್ಡರ್ ಪಕ್ಕಪಕ್ಕ ಕಾಣುವ ವಿಚಿತ್ರ ಆಗಬಹುದು. ಸಿಂಕ್‌ಥಿಂಗ್‌ನಲ್ಲಿ ಇದನ್ನು ತಾನೇ ಒಂದು ರೂಪಕ್ಕೆ ತರುವ ಆಯ್ಕೆ ಮೊದಲಿನಿಂದಲೇ ಆನ್ ಇರುತ್ತೆ. 'ಸಾಫ್ಟ್‌ವೇರ್' ಥರದ ಪದದ ಮಧ್ಯೆ ನಾವು ಹಾಕುವ ಕಣ್ಣಿಗೆ ಕಾಣದ ಜೋಡಣೆ ತಡೆಯೂ ಹೀಗೇ. ಒಬ್ಬರು ಹಾಕಿ ಒಬ್ಬರು ಹಾಕದಿದ್ದರೆ ಹುಡುಕಾಟದಲ್ಲಿ ಸಿಗಲ್ಲ.

ಮೂರನೆಯದು ಹಳೆಯ ಸಂಚಿಕೆಗಳದ್ದು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಲೇಖನಗಳು ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತೆ. ಎಷ್ಟೇ ಒಳ್ಳೆಯ ಸರ್ವರ್ ಇದ್ದರೂ ಅದರೊಳಗೆ 'ಕುವೆಂಪು' ಅಂತ ಹುಡುಕಿದರೆ ಸಿಗಲ್ಲ. ಆದ್ದರಿಂದ ಮೂಲ ಫೈಲ್, ಅದರ ಫಾಂಟ್, ಯೂನಿಕೋಡ್‌ಗೆ ಪರಿವರ್ತಿಸಿದ ಪ್ರತಿ, ಒಂದು ಪಿಡಿಎಫ್, ಈ ನಾಲ್ಕನ್ನೂ ಒಂದೇ ಫೋಲ್ಡರಲ್ಲಿಡಿ ಅಂತ ನಮ್ಮ ಸಲಹೆ. ಸಂಗ್ರಹದ ಅರ್ಧ ಕೆಲಸ ತಂತ್ರಾಂಶದ್ದಲ್ಲ, ಈ ಶಿಸ್ತಿನದು.

'ಫ್ರೀ ಡ್ರೈವ್ ಇರುವಾಗ ಇಷ್ಟೆಲ್ಲ ಯಾಕೆ?'

ಈ ಪ್ರಶ್ನೆ ನಮಗೆ ಮೆಸ್ಸಿನಲ್ಲೂ ಬಂತು, ಎಚ್‌ಒಡಿ ಸರ್ ಹತ್ತಿರವೂ ಬಂತು. ನ್ಯಾಯವಾದ ಪ್ರಶ್ನೆ. ನಾವು ಹಾಕುವ ಯಾವ ಹಳೆಯ ಡೆಸ್ಕ್‌ಟಾಪೂ ದೊಡ್ಡ ಕಂಪನಿಯ ಡೇಟಾ ಸೆಂಟರಿನಷ್ಟು ಗಟ್ಟಿ ಅಲ್ಲ. ಕರೆಂಟ್ ಲೆಕ್ಕವೂ ಇದೆ. 60 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ 30 ದಿನ ಹಗಲೂ ರಾತ್ರಿ ಓಡಿದರೆ 43 ಯೂನಿಟ್ ಚಿಲ್ಲರೆ. 5 ವ್ಯಾಟಿನ ಒಂದು ಪುಟ್ಟ ಬೋರ್ಡ್ ಆದರೆ 3.6 ಯೂನಿಟ್. ಆದರೆ ಪುಟ್ಟ ಬೋರ್ಡಿನ ಮೆಮೊರಿ ಕಾರ್ಡ್ ಮೇಲೆ ಸದಾ ಬರೆಯುತ್ತಿದ್ದರೆ ಕಾರ್ಡ್ ಬೇಗ ಸಾಯುತ್ತೆ, ಎಸ್‌ಎಸ್‌ಡಿ ಬೇಕು. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋದಾಗಲೆಲ್ಲ ಎದೆ ಡವಡವ. ಅಂದ್ರೆ 'ಫ್ರೀ' ಅನ್ನೋದು ಈ ಕಡೆಯೂ ಇಲ್ಲ.

ಆದರೆ ಆ ಕಡೆಯೂ ಇಲ್ಲ. ಒಂದು ಕಾಲಕ್ಕೆ ಶಿಕ್ಷಣ ಸಂಸ್ಥೆಗಳಿಗೆ ಅಳತೆಯೇ ಇಲ್ಲದ ಜಾಗ ಕೊಡುತ್ತಿದ್ದ ಗೂಗಲ್, 2021ರಲ್ಲಿ ಅದನ್ನು ಮುಗಿಸುವುದಾಗಿ ಘೋಷಿಸಿ, ಇಡೀ ಸಂಸ್ಥೆಗೆ ಒಟ್ಟು 100 ಟಿಬಿ ಎಂಬ ಮಿತಿ ತಂದಿತು. ಅವರ ಜಾಗ, ಅವರ ನಿಯಮ. ಅದರಲ್ಲಿ ಮೋಸ ಏನಿಲ್ಲ. ಆದರೆ ಅದೇ ಧೈರ್ಯದ ಮೇಲೆ ಒಂದು ಸಂಘದ ಇಡೀ ನೆನಪನ್ನು ಇಡಬಹುದಾ ಅನ್ನೋದು ನಮ್ಮ ಪ್ರಶ್ನೆ. ನಮ್ಮ ನಿಲುವು ಸರಳ. ಡ್ರೈವ್ ಬಳಸಿ, ಆದರೆ ಅದು ಇನ್ನೊಂದು ಪ್ರತಿ ಆಗಿರಲಿ, ಒಂದೇ ಪ್ರತಿ ಆಗದಿರಲಿ. ಸ್ವಂತ ಸರ್ವರ್‌ಗೂ ಇದೇ ಮಾತು. 'ನಮ್ಮದೇ ಸರ್ವರ್' ಅನ್ನೋ ಹೆಮ್ಮೆಯಲ್ಲಿ ಒಂದೇ ಡಿಸ್ಕ್ ನಂಬಿ ಕೂತರೆ ನಾವು ಆ ಅಣ್ಣನ ತಪ್ಪನ್ನೇ ಜಾಸ್ತಿ ಕರೆಂಟ್ ಸುಟ್ಟು ಮಾಡಿದ ಹಾಗೆ.

ಸ್ವಂತ ಸರ್ವರ್ ಅಂದ ಕೂಡಲೇ ಬರೋ ಇನ್ನೊಂದು ಬೇಡಿಕೆಗೂ ಇಲ್ಲೇ ಉತ್ತರ ಹೇಳ್ತೇವೆ. ಪಠ್ಯಪುಸ್ತಕದ ಸ್ಕ್ಯಾನ್ ಪಿಡಿಎಫ್, ಸಿನಿಮಾ ಇದರಲ್ಲಿ ಇಡಲ್ಲ. ಯಂತ್ರ ಸಂಘದ್ದು ಅಂದ ಮೇಲೆ ಅದರಲ್ಲಿರುವ ಪ್ರತಿ ಫೈಲಿಗೂ ಸಂಘವೇ ಉತ್ತರ ಕೊಡಬೇಕು.

ನಾವು ಏನು ಆರಿಸಿದೆವು

ನಮ್ಮ ನಾಲ್ವರಲ್ಲಿ ಒಮ್ಮತ ಇರಲಿಲ್ಲ. ಒಬ್ಬರು ಕೊನೆಯವರೆಗೂ ನೆಕ್ಸ್ಟ್‌ಕ್ಲೌಡ್ ಪರ. "ಲಿಂಕ್ ಕಳಿಸೋಕೆ ಆಗ್ಲಿಲ್ಲ ಅಂದ್ರೆ ಜನ ಮತ್ತೆ ವಾಟ್ಸಾಪ್‌ಗೇ ಹೋಗ್ತಾರೆ ನೋಡ್ತಿರು" ಅನ್ನೋದು ಅವರ ವಾದ. ಅದರಲ್ಲಿ ಸತ್ಯ ಇದೆ. ಜನ ಬಳಸದ ವ್ಯವಸ್ಥೆ ಎಷ್ಟು ಗಟ್ಟಿಯಿದ್ದರೇನು? ಕೊನೆಗೆ ನಾವು ಎರಡು ಕೆಲಸವನ್ನು ಬೇರೆ ಮಾಡಿದೆವು. ಹಂಚಿಕೊಳ್ಳೋದು ಒಂದು, ಉಳಿಸಿಕೊಳ್ಳೋದು ಇನ್ನೊಂದು.

ಉಳಿಸಿಕೊಳ್ಳೋಕೆ: ಸಂಘದ ಡೆಸ್ಕ್‌ಟಾಪಿನಲ್ಲಿ ವರ್ಷವಾರು ಮಾಮೂಲಿ ಫೋಲ್ಡರ್. ಸಿಂಕ್‌ಥಿಂಗ್ ಮೂಲಕ ಸಂಪಾದಕರು, ಕಾರ್ಯದರ್ಶಿ ಮತ್ತು ಒಬ್ಬ ಎರಡನೇ ವರ್ಷದವರ ಯಂತ್ರಕ್ಕೆ ಪ್ರತಿ. ಮುಗಿದ ವರ್ಷಗಳ ಫೋಲ್ಡರನ್ನು ಡೆಸ್ಕ್‌ಟಾಪ್ ಕಡೆಯಿಂದ 'ಕಳಿಸುವುದು ಮಾತ್ರ' ಅಂತ ಇಟ್ಟಿದ್ದೇವೆ. ಬೇರೆ ಯಾರು ಅಳಿಸಿದರೂ ಮೂಲಕ್ಕೆ ತಾಗಲ್ಲ. ತಿಂಗಳಿಗೊಮ್ಮೆ ರೆಸ್ಟಿಕ್ ಎಂಬ ಬ್ಯಾಕಪ್ ಉಪಕರಣದಿಂದ ಒಂದು ಹೊರಗಿನ ಹಾರ್ಡ್ ಡಿಸ್ಕ್‌ಗೆ ಪ್ರತಿ, ಆ ಡಿಸ್ಕ್ ಬೇರೆ ಕಟ್ಟಡದಲ್ಲಿ. ರೆಸ್ಟಿಕ್ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿಯೇ ಇಡುತ್ತೆ, ಪಾಸ್‌ವರ್ಡ್ ಕಳೆದರೆ ಬ್ರಹ್ಮ ಬಂದರೂ ತೆರೆಯಲ್ಲ. ಅದಕ್ಕೆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಸಂಘದ ಸಲಹೆಗಾರರಾದ ಅಧ್ಯಾಪಕರ ಬೀರುವಿನಲ್ಲಿಟ್ಟಿದ್ದೇವೆ. ನಗಬೇಡಿ. ಬ್ಯಾಚ್ ಬದಲಾದರೂ ಆ ಬೀರು ಅಲ್ಲೇ ಇರುತ್ತೆ.

ಹಂಚಿಕೊಳ್ಳೋಕೆ: ಅದೇ ಡೆಸ್ಕ್‌ಟಾಪಿನಲ್ಲಿ ನೆಕ್ಸ್ಟ್‌ಕ್ಲೌಡ್, ಆದರೆ ಕ್ಯಾಂಪಸ್ ನೆಟ್‌ವರ್ಕ್ ಒಳಗೆ ಮಾತ್ರ. ಲೇಖನ ತರಿಸೋಕೆ, ಫೋಟೋ ಹಂಚೋಕೆ. ನಾಳೆ ಯಾರೂ ಅಪ್‌ಡೇಟ್ ಮಾಡೋರಿಲ್ಲ ಅಂತಾದರೆ ಅದನ್ನು ಅಳಿಸಿ ಹಾಕಿದರೂ ಒಂದು ಫೋಟೋ ಕೂಡ ಕಳೆಯಬಾರದು. ಅದೇ ನಮ್ಮ ಷರತ್ತು. ಕಾಲೇಜಿನ ಐಟಿ ವಿಭಾಗದವರು ಮುಂದೆ ಬಂದು 'ನಾವು ನೋಡ್ಕೋತೀವಿ' ಅಂದರೆ ನೆಕ್ಸ್ಟ್‌ಕ್ಲೌಡನ್ನು ಎಲ್ಲ ಕ್ಲಬ್‌ಗಳಿಗೂ ಹೊರಗಿನಿಂದ ಬಳಸುವಂತೆ ತೆರೆಯಬಹುದು. ಸಂಬಳ ಪಡೆದು ಇರುವ ಅಡ್ಮಿನ್ ಇದ್ದಾಗ ಅದರ ಕಷ್ಟಗಳು ಕಷ್ಟವೇ ಅಲ್ಲ. ಅಲ್ಲಿಯ ತನಕ ಬೇಡ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರತಿ ವರ್ಷ ಪದಾಧಿಕಾರಿಗಳು ಬದಲಾಗುವ ದಿನ ಹೂಗುಚ್ಛ, ಕೇಕ್, ಫೋಟೋ ಇರುತ್ತಲ್ಲ. ಅವತ್ತೇ ಒಂದು ಪರೀಕ್ಷೆ ಇಡ್ತೇವೆ. ಹೊಸ ಕಾರ್ಯದರ್ಶಿ ಲಕೋಟೆ ಒಡೆದು, ಬ್ಯಾಕಪ್ ಡಿಸ್ಕಿನಿಂದ ಯಾವುದೋ ಹಳೆಯ ವರ್ಷದ ಒಂದು ಫೋಟೋ ತೆಗೆದು ಎಲ್ಲರ ಮುಂದೆ ತೋರಿಸಬೇಕು. ಹಳೆಯವರು ಬಾಯಿ ಬಿಡುವಂತಿಲ್ಲ, ಬರೆದಿಟ್ಟ ಎರಡು ಪುಟದ ಕನ್ನಡ ಕೈಪಿಡಿ ನೋಡಿಕೊಂಡೇ ಮಾಡಬೇಕು. ಆಗದಿದ್ದರೆ ತಪ್ಪು ಹೊಸಬರದ್ದಲ್ಲ, ಕೈಪಿಡಿಯದ್ದು. ಅವತ್ತೇ ತಿದ್ದಬೇಕು.

ಈ ಸಲ ನಮ್ಮ ಎರಡನೇ ವರ್ಷದ ಗೆಳತಿಯೊಬ್ಬಳು ಪ್ರಯೋಗಕ್ಕೆ ಅಂತ ಮಾಡಿ ನೋಡಿದಳು. ಕೈಪಿಡಿಯ ಮೂರನೇ ಹಂತದಲ್ಲಿ ನಿಂತಳು. ಡಿಸ್ಕ್ ಮೌಂಟ್ ಮಾಡೋದು ಹೇಗೆ ಅಂತ ನಾವು ಬರೆದೇ ಇರಲಿಲ್ಲ, ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡಿದ್ದೆವು. ಈಗ ಬರೆದಿದ್ದೇವೆ.

ನಿಮ್ಮ ಕ್ಲಬ್ಬಿನ ಫೈಲ್‌ಗಳು ಈಗ ಯಾರ ಖಾತೆಯಲ್ಲಿವೆ? ಇವತ್ತೇ ಒಮ್ಮೆ ಕೇಳಿ ನೋಡಿ. ಆ ಹೆಸರಿನವರು ಅಂತಿಮ ವರ್ಷದಲ್ಲಿದ್ದರೆ, ಪ್ರಾಜೆಕ್ಟ್ ವೈವಾ ಮುಗಿಯೋದರೊಳಗೆ ಒಂದು ಪ್ರತಿ ತೆಗೆದಿಡಿ. ತಂತ್ರಾಂಶ ಯಾವುದು ಅಂತ ಆಮೇಲೆ ಕೂತು ಜಗಳ ಆಡೋಣ. ನಮ್ಮ ಡೆಸ್ಕ್‌ಟಾಪ್ ನೋಡಬೇಕು ಅನ್ನೋರು ಸಂಘದ ಕೋಣೆಗೆ ಬನ್ನಿ, ಕೈಪಿಡಿಯ ಪ್ರತಿ ಕೊಡ್ತೇವೆ. ಆ ನಾಟಕದ ಫೋಟೋ ಯಾರ ಹತ್ತಿರವಾದರೂ ಇದ್ದರೆ, ದಯವಿಟ್ಟು ಅದನ್ನೂ ತನ್ನಿ.